ಹೆಣ್ಣಿನ ಮೇಲಿನ ಹಿಂಸೆ: ಗೋಡೆಯಾಚೆ ಸಪ್ಪಳ ಕೇಳಿದವರು ಏನು ಮಾಡಬೇಕು?

ಲೋಕಾಪುರದ ನಮ್ಮ ಓಣಿಯಲ್ಲಿ ಎರಡು ಮನೆಗೆ ಒಂದೇ ಗೋಡೆ. ಈ ಕಡೆ ರೊಟ್ಟಿ ಬಡಿದರೆ ಆ ಕಡೆ ಕೂತವರು ಎಷ್ಟು ರೊಟ್ಟಿ ಅಂತ ಎಣಿಸಬಹುದಿತ್ತು. ಬಾಜೂ ಮನೆಯ ಕಾಕುಗೆ ಕಾಕಾ ಹೊಡೆಯುವಾಗಲೂ ನಮಗೆಲ್ಲ ಹಾಗೇ ಕೇಳುತ್ತಿತ್ತು. ಆಗ ನಮ್ಮವ್ವ ಎದ್ದು ರೇಡಿಯೊದ ದನಿ ಏರಿಸುತ್ತಿದ್ದಳು. "ಅವ್ವಾ, ಹೋಗಿ ಬಿಡಸಬಾರದನ?" ಅಂದರೆ, "ಗಂಡ-ಹೆಂಡ್ತಿ ಜಗಳದಾಗ ನಾವು ನಡಕ ಹೋಗಬಾರದು. ಸುಮ್ನ ಉಣ್ಣು" ಅನ್ನುತ್ತಿದ್ದಳು. ಮರುದಿನ ಕಾಕು ನೀರಿಗೆ ಬಂದಾಗ ಸೆರಗು ಹಣೆತನಕ ಎಳೆದುಕೊಂಡಿರುತ್ತಿದ್ದಳು. ಯಾರೂ ಏನೂ ಕೇಳುತ್ತಿರಲಿಲ್ಲ.

ಮುಂದೆ ನಾನು ವಕೀಲಳಾದೆ. ಮುಧೋಳ ಕೋರ್ಟಿಗೆ ಹೋಗಲು ಶುರು ಮಾಡಿದ ಹೊಸದರಲ್ಲಿ ಒಬ್ಬ ಹೆಣ್ಣುಮಗಳು ಅಣ್ಣನ ಜೊತೆ ಬಂದಳು. ಗಂಡ ಹೊಡೆಯುತ್ತಾನೆ ಅನ್ನುವುದೇ ದೂರು. ಎರಡೂ ಕಡೆಯ ಹಿರಿಯರು ಸೇರಿದರು, ರಾಜಿ ಆಯಿತು. ನೂರು ರೂಪಾಯಿ ಬಾಂಡ್ ಪೇಪರ್ ಮೇಲೆ "ಇನ್ನು ಮುಂದೆ ಹೊಡೆಯುವುದಿಲ್ಲ, ಬಡಿಯುವುದಿಲ್ಲ, ಅನ್ಯೋನ್ಯವಾಗಿ ಬಾಳುತ್ತೇನೆ" ಅಂತ ಬರೆಸಿ ಸಹಿ ಹಾಕಿಸಿದವಳು ನಾನೇ. ಒಂದು ಸಂಸಾರ ಉಳಿಸಿದೆ ಅಂತ ಅವತ್ತು ಹೆಮ್ಮೆಯೂ ಪಟ್ಟಿದ್ದೆ. ಐದು ತಿಂಗಳಾದ ಮೇಲೆ ಆಕೆ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದು ಕೇಳಿದಳು: "ಅಕ್ಕಾರ, ಹೊಡಿಯಂಗಿಲ್ಲ ಅಂತ ನೀವ ಬರಸಿದ್ರಲ್ಲ. ಆ ಹಾಳಿ ಈಗ ಯಾರಿಗಿ ತೋರಸಲಿ?"

ಯಾರಿಗೂ ತೋರಿಸುವಂತಿರಲಿಲ್ಲ. ಅದೇ ಮಾತನ್ನು ಕೌಟುಂಬಿಕ ಹಿಂಸೆ ಕಾಯ್ದೆಯಡಿ ಮ್ಯಾಜಿಸ್ಟ್ರೇಟರಿಂದ ರಕ್ಷಣಾ ಆದೇಶವಾಗಿ ಪಡೆದಿದ್ದರೆ, ಅದನ್ನು ಮುರಿದದ್ದೇ ಒಂದು ಅಪರಾಧವಾಗುತ್ತಿತ್ತು. ನಾನು ಬರೆಸಿದ್ದು ಬರೀ ಹಾಳೆ. ನಮ್ಮವ್ವ ರೇಡಿಯೊದ ದನಿ ಏರಿಸಿದಳು, ನಾನು ಬಾಂಡ್ ಪೇಪರ್ ತಂದೆ. ಇಬ್ಬರೂ ಮಾಡಿದ್ದು ಒಂದೇ ಕೆಲಸ: ಸಪ್ಪಳ ಹೊರಗೆ ಕೇಳದಂತೆ ಮಾಡುವುದು.

ಹೆಣ್ಣಿನ ಮೇಲಿನ ಹಿಂಸೆ ತಡೆಯುವುದು ಅಂದ ಕೂಡಲೇ ನಾವು ಹೆಣ್ಣಿಗೇ ಬುದ್ಧಿ ಹೇಳಲು ಕೂರುತ್ತೇವೆ. ಹುಷಾರಾಗಿರು, ಎದುರು ಮಾತಾಡಬೇಡ, ಹೊಂದ್ಕೊಂಡು ಹೋಗು. ಇಷ್ಟು ವರ್ಷದಲ್ಲಿ ನಾನು ಕಲಿತದ್ದು ಬೇರೆ. ಹಿಂಸೆ ನಿಲ್ಲುವುದು ಅಥವಾ ಬೆಳೆಯುವುದು ಬಹುಮಟ್ಟಿಗೆ ಮೂರನೆಯವರ ಮೇಲೆ ನಿಂತಿದೆ: ಗೋಡೆಯಾಚೆಯವರು, ತವರಿನವರು, ಆಸ್ಪತ್ರೆಯವರು, ಠಾಣೆಯವರು, ನನ್ನಂಥ ವಕೀಲರು. ಈ ಬರಹ ಅವರಿಗಾಗಿ. ಹಿಂಸೆ ಅನುಭವಿಸುತ್ತಿರುವವರಿಗೆ ಬೇಕಾದ ಮಾಹಿತಿಯೂ ಇದರಲ್ಲಿದೆ.

ಹೊಡೆತ ಒಂದೇ ಹಿಂಸೆಯಲ್ಲ

'ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005' ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಇದು ನಾಲ್ಕು ಬಗೆಯ ಹಿಂಸೆಯನ್ನು ಗುರುತಿಸುತ್ತದೆ.

ದೈಹಿಕ ಹಿಂಸೆ ಎಲ್ಲರಿಗೂ ಗೊತ್ತಿದೆ. ಎರಡನೆಯದು ಲೈಂಗಿಕ ಹಿಂಸೆ. ವಯಸ್ಕ ಹೆಂಡತಿಯ ಮೇಲೆ ಗಂಡ ನಡೆಸುವ ಬಲಾತ್ಕಾರವನ್ನು ನಮ್ಮ ಅಪರಾಧ ಕಾನೂನು ಇವತ್ತಿಗೂ ಅತ್ಯಾಚಾರ ಅನ್ನುವುದಿಲ್ಲ. ಆದರೆ ಈ ಕಾಯ್ದೆ ಅದನ್ನು ಹಿಂಸೆ ಎನ್ನುತ್ತದೆ, ಪರಿಹಾರವನ್ನೂ ಕೊಡುತ್ತದೆ. ಹೆಂಡತಿಗೆ 18 ತುಂಬದಿದ್ದರೆ ಅದು ಅಪರಾಧ ಕಾನೂನಿನಲ್ಲೂ ಅತ್ಯಾಚಾರವೇ. 2017ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ.

ಮೂರನೆಯದು ಮಾತಿನ ಮತ್ತು ಮನಸ್ಸಿನ ಹಿಂಸೆ. ಗಂಡು ಹಡೆಯಲಿಲ್ಲ ಅಂತ ಚುಚ್ಚುವುದು, ತವರಿಗೆ ಫೋನ್ ಮಾಡಲು ಬಿಡದಿರುವುದು, ಮಕ್ಕಳನ್ನು ಕಸಿದುಕೊಳ್ಳುತ್ತೇನೆ ಅಂತ ಹೆದರಿಸುವುದು. ನಾಲ್ಕನೆಯದು ಆರ್ಥಿಕ ಹಿಂಸೆ. ನಮ್ಮ ಕಡೆ ಇದು ಎಲ್ಲರ ಕಣ್ಣೆದುರೇ ನಡೆಯುತ್ತದೆ. ಕಬ್ಬಿನ ಹೊಲದಲ್ಲಿ ಇಬ್ಬರೂ ದುಡಿದರೂ ಆಕೆಯ ಪಗಾರವನ್ನು ಗಂಡನೇ ಎಣಿಸಿಕೊಳ್ಳುವುದು, ಗೃಹಲಕ್ಷ್ಮಿಯ ಎರಡು ಸಾವಿರ ಬಿದ್ದ ದಿನ ಎಟಿಎಂ ಕಾರ್ಡ್ ಕಿತ್ತುಕೊಳ್ಳುವುದು, ಆಕೆಯ ಬಂಗಾರ ಒತ್ತೆ ಇಟ್ಟು ತಿರುಗಿ ಬಿಡಿಸದಿರುವುದು, ಸಂಘದ ಸಾಲ ಆಕೆಯ ಹೆಸರಲ್ಲಿ ತೆಗೆಸಿ ಕಂತು ಕಟ್ಟದಿರುವುದು.

ಈ ಕಾಯ್ದೆ ಹೆಂಡತಿಗಷ್ಟೇ ಮೀಸಲಲ್ಲ. ಒಂದೇ ಸೂರಿನಡಿ ಇರುವ ತಾಯಿ, ಅಕ್ಕ-ತಂಗಿ, ಮಗಳು, ವಿಧವೆ ಅತ್ತಿಗೆ, ಮದುವೆಯಂಥ ಸಂಬಂಧದಲ್ಲಿ ಬಾಳುತ್ತಿರುವ ಹೆಣ್ಣುಮಗಳು ಎಲ್ಲರೂ ಇದರ ರಕ್ಷಣೆ ಕೇಳಬಹುದು. ಆಸ್ತಿಗಾಗಿ ಮಗ ಹೊಡೆಯುವ ಮುದುಕಿಯೂ ಕೇಳಬಹುದು.

"ಕುಡದಾಗ ಅಷ್ಟ ಹಂಗ ಮಾಡ್ತಾನ್ರೀ, ಇಲ್ಲಂದ್ರ ದೇವರಂಥವ" ಅನ್ನುವ ಮಾತನ್ನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಕುಡಿತ ಹಿಂಸೆಯನ್ನು ಹೆಚ್ಚಿಸುತ್ತದೆ, ನಿಜ. ಆದರೆ ಕುಡಿದವನು ದಾರಿಯಲ್ಲಿ ಸಿಕ್ಕ ಗೌಡನಿಗೆ ಹೊಡೆಯುವುದಿಲ್ಲ, ಸಾಲ ಕೊಟ್ಟ ಸಾವ್ಕಾರನಿಗೂ ಹೊಡೆಯುವುದಿಲ್ಲ. ಅಷ್ಟು ದೂರ ನಡೆದು ಬಂದು ಮನೆಯಲ್ಲಿರುವ ಹೆಂಡತಿಗೇ ಹೊಡೆಯುತ್ತಾನೆ. ಯಾರಿಗೆ ಹೊಡೆದರೆ ನಡೆಯುತ್ತದೆ ಅನ್ನುವುದು ಅಮಲಿನಲ್ಲೂ ಅವನಿಗೆ ನೆನಪಿರುತ್ತದೆ.

ಲೆಕ್ಕ ಏನು ಹೇಳುತ್ತದೆ?

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ (2019-21) ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವಯಸ್ಸಿನ, ಮದುವೆಯಾದ ಹೆಂಗಸರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ದೇಶದ ಸರಾಸರಿ ಶೇ 29.3. ಅದರ ಹಿಂದಿನ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಲೆಕ್ಕ ಶೇ 20.6 ಇತ್ತು. ಇದು ಲಾಕ್‌ಡೌನ್ ಕಾಲದ ಏರಿಕೆ ಅನ್ನುವಂತಿಲ್ಲ, ಕರ್ನಾಟಕದಲ್ಲಿ ಮನೆ ಮನೆ ಸಮೀಕ್ಷೆ ನಡೆದದ್ದು ಕೋವಿಡ್‌ಗಿಂತ ಮೊದಲು, 2019ರಲ್ಲೇ.

ಅದೇ ಸಮೀಕ್ಷೆ ಇನ್ನೊಂದು ಪ್ರಶ್ನೆ ಕೇಳಿತ್ತು. ಹೇಳದೆ ಹೊರಗೆ ಹೋದರೆ, ಅಡುಗೆ ಸರಿಯಾಗಿ ಮಾಡದಿದ್ದರೆ, ಅತ್ತೆ-ಮಾವನಿಗೆ ಮರ್ಯಾದೆ ಕೊಡದಿದ್ದರೆ, ಹೀಗೆ ಏಳು ಕಾರಣ ಕೊಟ್ಟು, ಇವುಗಳಲ್ಲಿ ಯಾವುದಕ್ಕಾದರೂ ಹೆಂಡತಿಗೆ ಹೊಡೆಯುವುದು ಸರಿಯೇ ಅಂತ. ಕರ್ನಾಟಕದ ಶೇ 81.9ರಷ್ಟು ಗಂಡಸರು ಒಂದಲ್ಲ ಒಂದು ಕಾರಣಕ್ಕೆ ಸರಿ ಅಂದರು. ಹೆಂಗಸರಲ್ಲೂ ಶೇ 76.9ರಷ್ಟು ಮಂದಿ ಹಾಗೇ ಅಂದರು. ನಮ್ಮವ್ವನ ರೇಡಿಯೊ ಒಬ್ಬಳ ಮನೆಯದಲ್ಲ ಅನ್ನುವುದು ಇದರಿಂದ ಗೊತ್ತಾಗುತ್ತದೆ.

ಇನ್ನು ದೇಶದ ಮಟ್ಟದಲ್ಲಿ, ಹಿಂಸೆ ಅನುಭವಿಸಿದ ಹೆಂಗಸರ ಪೈಕಿ ಯಾರ ಬಳಿಯಾದರೂ ಸಹಾಯ ಕೇಳಿದವರು ಶೇ 14. ಸಹಾಯವನ್ನೂ ಕೇಳದೆ, ಯಾರಿಗೂ ಬಾಯಿ ಬಿಡದೆ ಉಳಿದವರು ಶೇ 77. ಠಾಣೆಯ ಕಡತ ನೋಡಿ ನಮ್ಮ ಊರಲ್ಲಿ ಇಂಥದ್ದೆಲ್ಲ ಕಡಿಮೆ ಅನ್ನುವವರು ಈ ಸಂಖ್ಯೆಯನ್ನು ನೆನಪಿಡಬೇಕು.

ನಮ್ಮ ಎರಡು ತಾಲೂಕಿನಲ್ಲೇ ನಡೆದ ಪ್ರಯೋಗ

ಹಿಂಸೆ ತಡೆಯುವುದು ಹೇಗೆ ಅನ್ನುವ ಬಗ್ಗೆ ಒಂದು ದೊಡ್ಡ ಪ್ರಯೋಗ ಮುಧೋಳ ಮತ್ತು ಜಮಖಂಡಿ ತಾಲೂಕುಗಳ 47 ಹಳ್ಳಿಗಳಲ್ಲೇ ನಡೆದಿದೆ. ನಮ್ಮವರಿಗೇ ಇದು ಹೆಚ್ಚು ಗೊತ್ತಿಲ್ಲ. ಅದರ ಹೆಸರು 'ಸಂವೇದನಾ ಪ್ಲಸ್'. ಮುಧೋಳದ ಚೈತನ್ಯ ಏಡ್ಸ್ ತಡೆಗಟ್ಟುವ ಮಹಿಳಾ ಸಂಘ ಮತ್ತು ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಸೇರಿ ನಡೆಸಿದ ಕೆಲಸ ಅದು. ಲೈಂಗಿಕ ವೃತ್ತಿಯಲ್ಲಿದ್ದ ಹೆಣ್ಣುಮಕ್ಕಳಿಗೆ, ಅದರಲ್ಲೂ ದೇವದಾಸಿ ಪದ್ಧತಿಗೆ ಸಿಕ್ಕ ಕುಟುಂಬಗಳವರಿಗೆ, ಹೊಡೆತ ಗಿರಾಕಿಗಳಿಂದ ಮಾತ್ರ ಬರುತ್ತದೆ ಅಂತ ಎಲ್ಲರೂ ತಿಳಿದಿದ್ದರು. ಗಂಡನ ಸ್ಥಾನದಲ್ಲಿರುವ ಖಾಯಂ ಸಂಗಾತಿಯಿಂದಲೂ ಅವರು ಹೊಡೆತ ತಿನ್ನುತ್ತಿದ್ದರು. ಅದನ್ನು ನಿಲ್ಲಿಸುವುದೇ ಈ ಪ್ರಯೋಗದ ಗುರಿ.

ಅರ್ಧದಷ್ಟು ಹಳ್ಳಿಗಳಲ್ಲಿ ಕೆಲಸ ಮೊದಲು ಶುರುವಾಯಿತು, ಉಳಿದವನ್ನು ಹೋಲಿಕೆಗಾಗಿ ಇಟ್ಟುಕೊಂಡರು. ಹೆಣ್ಣುಮಕ್ಕಳ ಗುಂಪು ಚರ್ಚೆ, ಜೋಡಿಗಳಿಗೆ ಆಪ್ತ ಸಮಾಲೋಚನೆ, ಸಂಗಾತಿ ಗಂಡಸರ ಜೊತೆ ಸಭೆ, ಊರವರ ಜೊತೆ ಮಾತು, ಹೊಡೆತ ಬಿದ್ದ ಕೂಡಲೇ ಓಡಿ ಬರುವ ಸಂಘದ ತಂಡಕ್ಕೆ ತರಬೇತಿ, ಎಲ್ಲ ಇತ್ತು. ಕೊನೆಗೆ ಲೆಕ್ಕ ಹಾಕಿದಾಗ ಎರಡು ಗುಂಪಿನ ಹಳ್ಳಿಗಳ ನಡುವೆ ಹಿಂಸೆಯ ಪ್ರಮಾಣದಲ್ಲಿ ಗಟ್ಟಿಯಾಗಿ ಹೇಳಬಹುದಾದ ವ್ಯತ್ಯಾಸ ಕಾಣಲಿಲ್ಲ. ಆದರೆ ಹೊಡೆತ ತಪ್ಪು ಅನ್ನುವ ನಂಬಿಕೆ, ತಮ್ಮನ್ನು ಕಾಪಾಡಿಕೊಳ್ಳುವ ದಾರಿಗಳ ತಿಳಿವಳಿಕೆ, ಒಬ್ಬರಿಗೊಬ್ಬರು ನಿಲ್ಲುವ ಒಗ್ಗಟ್ಟು ಹೆಚ್ಚಾಗಿದ್ದವು.

ಇದನ್ನು ಸೋಲು ಅಂತ ನಾನು ಓದುವುದಿಲ್ಲ. ತಿಳಿವಳಿಕೆ ಬೇಗ ಬದಲಾಗುತ್ತದೆ, ಕೈ ಬೇಗ ನಿಲ್ಲುವುದಿಲ್ಲ ಅನ್ನುವುದು ಅದರ ಪಾಠ. ಉಗಾಂಡದ ಕಂಪಾಲಾದಲ್ಲಿ 'ಸಾಸಾ' ಅನ್ನುವ ಕಾರ್ಯಕ್ರಮ ಎಂಟು ಬಡಾವಣೆಗಳ ಪ್ರಯೋಗದಲ್ಲಿ ಸಂಗಾತಿಯ ದೈಹಿಕ ಹಿಂಸೆಯನ್ನು ಶೇ 52ರಷ್ಟು ಕಡಿಮೆ ಮಾಡಿತ್ತು. ಅಲ್ಲಿ ಅದೇ ಓಣಿಯ ಗಂಡಸರು-ಹೆಂಗಸರೇ ಕಾರ್ಯಕರ್ತರಾಗಿ, ಪೊಲೀಸರನ್ನೂ ಆಸ್ಪತ್ರೆಯವರನ್ನೂ ಸೇರಿಸಿಕೊಂಡು, ವರ್ಷಗಟ್ಟಲೆ ನೆರೆಹೊರೆಯನ್ನೇ ಬದಲಾಯಿಸಿದರು. ದಕ್ಷಿಣ ಆಫ್ರಿಕಾದ ಲಿಂಪೊಪೊದಲ್ಲಿ ಬಡ ಹೆಂಗಸರಿಗೆ ಸಂಘದ ಸಾಲವನ್ನೂ ಲಿಂಗ ಸಮಾನತೆಯ ತರಬೇತಿಯನ್ನೂ ಜೊತೆಯಾಗಿ ಕೊಟ್ಟಾಗ ಹಿಂಸೆ ಶೇ 55ರಷ್ಟು ಇಳಿದದ್ದು 2006ರಲ್ಲಿ ಪ್ರಕಟವಾಯಿತು. ಸ್ತ್ರೀಶಕ್ತಿ ಸಂಘಗಳು ಓಣಿಗೆ ಎರಡರಂತೆ ನಮ್ಮಲ್ಲೂ ಇವೆ. ಅವುಗಳ ಸಭೆಯಲ್ಲಿ ಕಂತಿನ ಲೆಕ್ಕ ಬಿಟ್ಟು ಬೇರೆ ಮಾತು ಬರುವುದು ಅಪರೂಪ.

ನಿಂತು ನೋಡುವವರು

2022ರ ಮೇ ತಿಂಗಳಲ್ಲಿ ನಮ್ಮ ಜಿಲ್ಲಾ ಕೇಂದ್ರ ಬಾಗಲಕೋಟೆಯಲ್ಲೇ ಒಬ್ಬ ವಕೀಲೆಯನ್ನು ನಡುರಸ್ತೆಯಲ್ಲಿ ಹಾಡಹಗಲೇ ಒದ್ದು ಹೊಡೆದ ವಿಡಿಯೊ ದೇಶವೆಲ್ಲ ನೋಡಿತು. ಸುತ್ತ ಜನ ಇದ್ದರು.

2023ರ ಡಿಸೆಂಬರ್‌ನಲ್ಲಿ ಬೆಳಗಾವಿ ತಾಲೂಕಿನ ಹೊಸ ವಂಟಮುರಿಯಲ್ಲಿ, ಮಗ ತಾನು ಪ್ರೀತಿಸಿದ ಹುಡುಗಿಯ ಜೊತೆ ಊರು ಬಿಟ್ಟ ಅನ್ನುವ ಸಿಟ್ಟಿಗೆ ಅವನ ತಾಯಿಯನ್ನು ರಾತ್ರಿ ಮನೆಯಿಂದ ಎಳೆದು, ವಿವಸ್ತ್ರಗೊಳಿಸಿ, ಕಂಬಕ್ಕೆ ಕಟ್ಟಿ ಹೊಡೆದರು. ಹೈಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿತು. ಅಷ್ಟು ಜನ ನೋಡುತ್ತಿದ್ದರೂ ಬಿಡಿಸಲು ಮುಂದೆ ಬಂದದ್ದು ಒಬ್ಬನೇ, ಅವನೂ ಏಟು ತಿಂದ ಅನ್ನುವುದನ್ನು ನ್ಯಾಯಾಲಯ ಎತ್ತಿ ಹೇಳಿತು. ಸುಮ್ಮನೆ ನಿಂತ ಊರೇ ದಂಡ ತೆರುವ, ಬ್ರಿಟಿಷರ ಕಾಲದ 'ಪುಂಡ ಕಂದಾಯ'ದ ಮಾತೂ ಅಲ್ಲಿ ಬಂತು.

ಅಂಥ ದೊಡ್ಡ ಅನಾಹುತ ನಡೆದಾಗ ನಾವೆಲ್ಲ ಸಿಟ್ಟಾಗುತ್ತೇವೆ. ಆದರೆ ನಿಂತು ನೋಡುವುದನ್ನು ಊರು ಒಂದೇ ರಾತ್ರಿಯಲ್ಲಿ ಕಲಿಯುವುದಿಲ್ಲ. 'ಗಂಡ-ಹೆಂಡಿರ ಜಗಳ ಉಂಡು ಮಲಗುವ ತನಕ' ಅಂತ ದಿನಾ ರಾತ್ರಿ ಅಭ್ಯಾಸ ಮಾಡಿರುತ್ತದೆ.

ಸಪ್ಪಳ ಕೇಳಿದಾಗ ಮಾಡಬಹುದಾದದ್ದು

*ಬಾಗಿಲು ಬಡಿಯಿರಿ.* ಜಗಳ ಬಿಡಿಸಲು ಬಂದೆ ಅನ್ನಬೇಕಾಗಿಲ್ಲ. "ಹೆಪ್ಪಿಗೆ ಸ್ವಲ್ಪ ಮಸರ ಐತೇನ್ರಿ?" ಅಂದರೂ ಸಾಕು. ಹೊಡೆಯುವವನಿಗೆ ಯಾರೋ ಕೇಳಿಸಿಕೊಂಡರು ಅಂತ ಗೊತ್ತಾಗಬೇಕು. 2008ರಲ್ಲಿ ಶುರುವಾದ 'ಬೆಲ್ ಬಜಾವೊ' ಅಭಿಯಾನ ಹೇಳಿದ್ದೂ ಇಷ್ಟೇ: ಕರೆಗಂಟೆ ಒತ್ತಿ.

*ಒಬ್ಬರೇ ಹೋಗಬೇಡಿ.* ಇಬ್ಬರು-ಮೂವರು ಹೋಗಿ, ಅವರಲ್ಲಿ ಒಬ್ಬರಾದರೂ ಹೆಂಗಸಿರಲಿ. ಕೈಯಲ್ಲಿ ಕುಡಗೋಲು, ಕೊಡಲಿ, ಸೀಮೆಎಣ್ಣೆ ಇದ್ದರೆ ಒಳಗೆ ನುಗ್ಗಬೇಡಿ. ಹೊರಗಿನಿಂದಲೇ ಕೂಗಿ, 112ಕ್ಕೆ ಫೋನ್ ಮಾಡಿ.

*ಮಕ್ಕಳನ್ನು ಕರೆದುಕೊಳ್ಳಿ.* ಅವತ್ತು ರಾತ್ರಿ ನಿಮ್ಮ ಮನೆಯಲ್ಲಿ ಮಲಗಲಿ.

*ವಿಡಿಯೊ ಹರಿಬಿಡಬೇಡಿ.* ಸಾಕ್ಷಿಗಾಗಿ ತೆಗೆದಿದ್ದರೆ ಪೊಲೀಸರಿಗೆ ಕೊಡಿ. ಓಣಿಯ ವಾಟ್ಸಾಪ್ ಗುಂಪಿಗೆ ಹಾಕಿದರೆ ಆಕೆಗೆ ಎರಡನೇ ಹೊಡೆತ ಕೊಟ್ಟಂತೆ.

*ಮರುದಿನ ಆಕೆ ಒಬ್ಬಳೇ ಸಿಕ್ಕಾಗ ಮಾತಾಡಿಸಿ.* "ಏನ್ ಮಾಡಿದ್ದಿ, ಯಾಕ ಹೊಡದ?" ಅಂತ ಶುರು ಮಾಡಬೇಡಿ. "ನಿನ್ನಿ ನನಗ ಕೇಳಿಸ್ತವ್ವ. ನಿಂದೇನೂ ತಪ್ಪಿಲ್ಲ. ಯಾವಾಗ ಬೇಕಾದ್ರೂ ಬಾಗಲಾ ಬಡಿ" ಅನ್ನಿ. ಇವತ್ತೇ ಗಂಡನ ಮನೆ ಬಿಡು ಅಂತ ಒತ್ತಾಯವೂ ಬೇಡ, ಸಹಿಸು ಅನ್ನುವುದೂ ಬೇಡ. ತೀರ್ಮಾನ ಆಕೆಯದು.

ಕೇಸಿನಲ್ಲಿ ಸಿಕ್ಕಿಬೀಳುತ್ತೇವೆ ಅನ್ನುವ ಹೆದರಿಕೆ ಸಹಜ. ಕೌಟುಂಬಿಕ ಹಿಂಸೆ ಕಾಯ್ದೆಯ 4ನೇ ಕಲಂ ಪ್ರಕಾರ ಹಿಂಸೆ ನಡೆಯುತ್ತಿದೆ ಅಂತ ನಂಬಲು ಕಾರಣವಿರುವ ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ಮಾಹಿತಿ ಕೊಡಬಹುದು. ಸದುದ್ದೇಶದಿಂದ ಕೊಟ್ಟವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ.

ಹಿಂಸೆಯಲ್ಲಿ ಸಿಕ್ಕವರಿಗೆ

ಒಂದು ಸಣ್ಣ ಗಂಟು ಕಟ್ಟಿ, ನಂಬುವ ಮನೆಯಲ್ಲಿಡಿ. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಜನನ ಪ್ರಮಾಣಪತ್ರ, ಮದುವೆಯ ಫೋಟೊ ಅಥವಾ ಲಗ್ನಪತ್ರಿಕೆ ಇವುಗಳ ಝೆರಾಕ್ಸ್, ಒಂದಿಷ್ಟು ರೊಕ್ಕ, ಒಂದು ಜೊತೆ ಬಟ್ಟೆ. ಆಧಾರ್ ಕೈಯಲ್ಲಿದ್ದರೆ ಶಕ್ತಿ ಯೋಜನೆಯ ಬಸ್ಸಿನಲ್ಲಿ ಮುಧೋಳಕ್ಕೂ ಬಾಗಲಕೋಟೆಗೂ ಪುಕ್ಕಟೆ ಹೋಗಬಹುದು. 2023ರ ಜೂನ್‌ಗಿಂತ ಮೊದಲು ಬಸ್ ಚಾರ್ಜ್ ಇಲ್ಲದೆ ಕೋರ್ಟಿನ ತಾರೀಖು ತಪ್ಪಿಸಿಕೊಂಡ ಎಷ್ಟೋ ಹೆಣ್ಣುಮಕ್ಕಳನ್ನು ನಾನು ಬಲ್ಲೆ.

ಗಾಯವಾಗಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ. ಬಚ್ಚಲಲ್ಲಿ ಜಾರಿ ಬಿದ್ದೆ ಅನ್ನಬೇಡಿ. ಯಾರು ಹೊಡೆದರು ಅಂತ ಹೇಳಿ, ಎಂಎಲ್‌ಸಿ ಮಾಡಿಸಿ. ವರ್ಷದ ನಂತರ ಕೋರ್ಟಿನಲ್ಲಿ ನಿಮ್ಮ ಪರ ಮಾತಾಡುವುದು ಅದೇ ಚೀಟಿ. ಅತ್ಯಾಚಾರ ಮತ್ತು ಆ್ಯಸಿಡ್ ದಾಳಿಗೆ ಸಿಕ್ಕವರಿಗೆ ಸರ್ಕಾರಿ, ಖಾಸಗಿ ಯಾವ ಆಸ್ಪತ್ರೆಯಾದರೂ ಕೂಡಲೇ ಪುಕ್ಕಟೆ ಚಿಕಿತ್ಸೆ ಕೊಡಲೇಬೇಕು. ಬೆದರಿಕೆಯ ಮೆಸೇಜು, ಆಡಿಯೊ ಅಳಿಸಬೇಡಿ. ಅದು ಬಂದ ಮೊಬೈಲನ್ನೂ ಜೋಪಾನ ಮಾಡಿ.

ಕೆಲವು ಗುರುತು ಕಂಡರೆ ಒಂದು ದಿನವೂ ತಡ ಮಾಡಬೇಡಿ: ಕುತ್ತಿಗೆ ಹಿಚುಕಿದ್ದು, ಕೊಲ್ಲುತ್ತೇನೆ ಅಂದದ್ದು, ಬಸುರಿಗೆ ಹೊಡೆದದ್ದು, ಎಲ್ಲಿ ಹೋದರೂ ಹಿಂಬಾಲಿಸುವುದು. ಕುತ್ತಿಗೆಗೆ ಕೈ ಹಾಕಿದವನು ಮುಂದೆ ಕೊಲ್ಲುವ ಅಪಾಯ ಹಲವು ಪಟ್ಟು ಹೆಚ್ಚು. ಮನೆ ಬಿಟ್ಟು ಹೊರಟ ನಂತರದ ದಿನಗಳೂ ಅಪಾಯದವೇ. ಹಾಗಾಗಿ ಹೊರಡುವುದನ್ನು ಮೊದಲೇ ಹೇಳಿ ಹೊರಡಬೇಡಿ. 2024ರ ಮೇನಲ್ಲಿ ಹುಬ್ಬಳ್ಳಿಯ ವೀರಾಪುರ ಓಣಿಯಲ್ಲಿ ಮನೆಗೇ ನುಗ್ಗಿ ಒಬ್ಬ ಯುವತಿಯನ್ನು ಕೊಂದ ಪ್ರಕರಣದಲ್ಲಿ, ಬೆದರಿಕೆಯ ವಿಷಯವನ್ನು ಮನೆಯವರು ಮೊದಲೇ ಪೊಲೀಸರಿಗೆ ಹೇಳಿದ್ದರು. ನಿರ್ಲಕ್ಷ್ಯಕ್ಕಾಗಿ ಪೊಲೀಸರು ಅಮಾನತಾದದ್ದು ಆಕೆ ಸತ್ತ ಮೇಲೆ.

ಯಾವ ಬಾಗಿಲು, ಏನು ಸಿಗುತ್ತದೆ?

ಕೌಟುಂಬಿಕ ಹಿಂಸೆ ಕಾಯ್ದೆಯ ಬಾಗಿಲು ಮೊದಲನೆಯದು. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಸಿಡಿಪಿಒ, ತಾಲೂಕಿನ ಸಂರಕ್ಷಣಾಧಿಕಾರಿ. ಅಂಗನವಾಡಿ ಕಾರ್ಯಕರ್ತೆಗೆ ಆ ಆಫೀಸಿನ ದಾರಿ ಗೊತ್ತಿರುತ್ತದೆ. ಅವರು ಕೌಟುಂಬಿಕ ಘಟನಾ ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತಾರೆ. ನೀವು ನೇರವಾಗಿಯೂ ಕೋರ್ಟಿಗೆ ಅರ್ಜಿ ಹಾಕಬಹುದು. ಗಂಡನ ಊರಿನ ಕೋರ್ಟೇ ಆಗಬೇಕಿಲ್ಲ. ತವರಿಗೆ ಬಂದಿದ್ದರೆ ತವರಿನ ತಾಲೂಕಿನಲ್ಲೇ ಹಾಕಬಹುದು.

ಸಿಗುವುದು ಇಷ್ಟು: ಹೊಡೆಯಬಾರದು, ಹತ್ತಿರ ಬರಬಾರದು ಅನ್ನುವ ರಕ್ಷಣಾ ಆದೇಶ, ಮನೆ ಯಾರ ಹೆಸರಲ್ಲೇ ಇರಲಿ ಅಲ್ಲಿಂದ ಹೊರಹಾಕಬಾರದು ಅನ್ನುವ ವಾಸದ ಆದೇಶ, ಖರ್ಚಿಗೆ ಹಣ, ಮಕ್ಕಳ ತಾತ್ಕಾಲಿಕ ಸುಪರ್ದಿ, ನಷ್ಟ ಪರಿಹಾರ. ಅತ್ತೆ-ಮಾವನ ಹೆಸರಿನ ಮನೆಯೂ 'ಹಂಚಿಕೊಂಡ ಮನೆ' ಆಗಬಹುದು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಅರ್ಜಿ ಬಂದ ಮೂರು ದಿನದೊಳಗೆ ಮೊದಲ ವಿಚಾರಣೆ ಇಡಬೇಕು, 60 ದಿನದಲ್ಲಿ ಮುಗಿಸಲು ಯತ್ನಿಸಬೇಕು ಅನ್ನುತ್ತದೆ ಕಾಯ್ದೆ. ಪ್ರತ್ಯಕ್ಷದಲ್ಲಿ ತಿಂಗಳುಗಳೇ ಹಿಡಿಯುತ್ತವೆ. ಅದಕ್ಕೇ ಮೊದಲ ದಿನವೇ 23ನೇ ಕಲಂ ಅಡಿ ಮಧ್ಯಂತರ ಆದೇಶ ಕೇಳಿ. ರಕ್ಷಣಾ ಆದೇಶ ಮುರಿದರೆ ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಎರಡನೇ ಬಾಗಿಲು ಪೊಲೀಸ್ ಠಾಣೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಹಳೆಯ 498ಎ ಈಗ 85 ಮತ್ತು 86ನೇ ಕಲಂ, ಮದುವೆಯಾದ ಏಳು ವರ್ಷದೊಳಗಿನ ವರದಕ್ಷಿಣೆ ಸಾವು 80, ಹಿಂಬಾಲಿಸಿ ಕಾಡುವುದು 78. ಘಟನೆ ಬೇರೆ ಠಾಣೆಯ ಹದ್ದಿನಲ್ಲಿ ನಡೆದಿದ್ದರೂ ಲೋಕಾಪುರ ಠಾಣೆಯಲ್ಲೇ 'ಝೀರೊ ಎಫ್‌ಐಆರ್' ಆಗುತ್ತದೆ. "ಹದ್ದ ನಮ್ಮದಲ್ಲ, ಬೀಳಗಿಗೆ ಹೋಗ್ರಿ" ಅನ್ನುವಂತಿಲ್ಲ. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು. ದೂರು ದಾಖಲಿಸದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಿ.

ವಕೀಲರಿಗೆ ಕೊಡಲು ರೊಕ್ಕ ಇಲ್ಲ ಅನ್ನುವ ಚಿಂತೆ ಬೇಡ. ಹೆಣ್ಣುಮಕ್ಕಳಿಗೆ ಆದಾಯದ ಮಿತಿ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ಮುಧೋಳ, ಜಮಖಂಡಿ, ಬನಹಟ್ಟಿ, ಬೀಳಗಿ ಯಾವ ಕೋರ್ಟಿಗೆ ಹೋದರೂ ತಾಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ.

ರಾಜಿ ಯಾವಾಗ, ಯಾವಾಗ ಅಲ್ಲ?

ರಾಜಿಯೇ ಬೇಡ ಅಂತ ನಾನು ಹೇಳುವುದಿಲ್ಲ. ಎಷ್ಟೋ ಹೆಣ್ಣುಮಕ್ಕಳು ಬಂದು ಕೇಳುವುದೇ "ನನಗ ಗಂಡ ಬೇಕ್ರಿ, ಹೊಡೆತ ಬ್ಯಾಡ" ಅಂತ. ಆದರೆ ಹೊಲದ ಬದುವಿನ ಜಗಳದಂತೆ ಇದನ್ನು ಪಂಚರು ನಡುವೆ ಗೆರೆ ಎಳೆದು ಬಗೆಹರಿಸಲು ಬರುವುದಿಲ್ಲ. ಬದುವಿನ ಜಗಳದಲ್ಲಿ ಇಬ್ಬರೂ ಎದ್ದು ತಮ್ಮ ತಮ್ಮ ಮನೆಗೆ ಹೋಗುತ್ತಾರೆ. ಇಲ್ಲಿ ಆಕೆ ಹೊಡೆದವನ ಮನೆಗೇ ಹೋಗಬೇಕು.

ಹಾಗಾಗಿ ನಾನೀಗ ಮೂರು ಶರತ್ತು ಇಟ್ಟುಕೊಂಡಿದ್ದೇನೆ. ಆಕೆಯನ್ನು ಬೇರೆ ಕೂರಿಸಿ, ಯಾರ ಒತ್ತಡವೂ ಇಲ್ಲದೆ ಕೇಳುವುದು. ಒಪ್ಪಂದವಾದರೆ ಬಾಂಡ್ ಪೇಪರ್ ಬದಲು ಕೋರ್ಟಿನ ಮುಂದೆ, ಆದೇಶದ ರೂಪದಲ್ಲಿ ಮಾಡಿಸುವುದು. ಹದಿನೈದು ದಿನಕ್ಕೊಮ್ಮೆ ಯಾರು ಹೋಗಿ ನೋಡಿ ಬರುತ್ತಾರೆ ಅಂತ ಹೆಸರು ಹಿಡಿದು ಗೊತ್ತು ಮಾಡುವುದು. ಕೊಲೆ ಬೆದರಿಕೆ, ಕುತ್ತಿಗೆ ಹಿಚುಕಿದ್ದು, ಲೈಂಗಿಕ ಹಿಂಸೆ ಇದ್ದ ಕಡೆ ರಾಜಿಯ ಮಾತನ್ನೇ ಎತ್ತುವುದಿಲ್ಲ.

"ಎಲ್ಲಾ ಸುಳ್ಳ ಕೇಸ್ ಹಾಕ್ತಾರ" ಅನ್ನುವವರಿಗೂ ಒಂದು ಮಾತು. ಕಾನೂನಿನ ದುರುಪಯೋಗ ಎಲ್ಲ ಕಾನೂನಿನಲ್ಲೂ ಇದೆ. ಹಾಗಂತಲೇ 498ಎ ಅಡಿ ಕಾರಣ ದಾಖಲಿಸದೆ ಬಂಧಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಕಡಿವಾಣ ಹಾಕಿದೆ. ನೂರಕ್ಕೆ 77 ಮಂದಿ ಬಾಯಿಯನ್ನೇ ಬಿಡದ ದೇಶದಲ್ಲಿ ನಮ್ಮ ಮೊದಲ ಚಿಂತೆ ಯಾವುದಾಗಿರಬೇಕು ಅನ್ನುವುದು ನನ್ನ ಪ್ರಶ್ನೆ.

ಮದುವೆಗಿಂತ ಮೊದಲೇ ಶುರುವಾಗುವ ತಡೆ

ರಾಜ್ಯದಲ್ಲಿ 20ರಿಂದ 24 ವಯಸ್ಸಿನ ಹೆಂಗಸರ ಪೈಕಿ ಶೇ 21.3ರಷ್ಟು ಮಂದಿಯ ಮದುವೆ 18 ತುಂಬುವ ಮೊದಲೇ ಆಗಿತ್ತು. ಹದಿನಾರರ ಹುಡುಗಿ ಮೂವತ್ತರ ಗಂಡನ ಎದುರು 'ಬೇಡ' ಅನ್ನುವುದು ಹೇಗೆ? ಕರ್ನಾಟಕದ ತಿದ್ದುಪಡಿಯ ಪ್ರಕಾರ ಇಂಥ ಮದುವೆ ಮೊದಲಿನಿಂದಲೇ ಅಸಿಂಧು. ಲಗ್ನ ಗೊತ್ತಾದ ಕೂಡಲೇ 1098ಕ್ಕೆ ಹೇಳಿದರೆ ನಿಲ್ಲಿಸಬಹುದು. ಸಿಡಿಪಿಒ, ಪಿಡಿಒ ಇಬ್ಬರಿಗೂ ಆ ಅಧಿಕಾರವಿದೆ.

ದೇವದಾಸಿ ಪದ್ಧತಿಯನ್ನು ರಾಜ್ಯ 1982ರ ಕಾಯ್ದೆಯಲ್ಲೇ ನಿಷೇಧಿಸಿತು. ಆಮೇಲಿನ ಎರಡು ಸಮೀಕ್ಷೆಗಳಲ್ಲಿ (1993-94 ಮತ್ತು 2007-08) ಗುರುತಿಸಿದ ದೇವದಾಸಿಯರ ಸಂಖ್ಯೆ 46,660. ನಮ್ಮ ಜಿಲ್ಲೆಯೂ ಆ ಪಟ್ಟಿಯಲ್ಲಿದೆ. 2025ರಲ್ಲಿ ವಿಧಾನಮಂಡಲ ಅಂಗೀಕರಿಸಿದ ಹೊಸ ಕಾಯ್ದೆ ಅವರ ಮಕ್ಕಳಿಗೆ ಅರ್ಜಿಗಳಲ್ಲಿ ತಂದೆಯ ಹೆಸರಿನ ಒತ್ತಾಯ ಇರಬಾರದು ಅನ್ನುತ್ತದೆ. ಗುರುತಿನ ಚೀಟಿಯಲ್ಲೇ ಅವಮಾನ ಹೊತ್ತು ಬೆಳೆಯುವ ಮಗಳನ್ನು ಹೊಡೆಯುವವನಿಗೆ ಅಂಜಿಕೆ ಕಡಿಮೆ. ಹಾಗಾಗಿ ಇದೂ ಹಿಂಸೆ ತಡೆಯುವ ಕೆಲಸವೇ.

ಇನ್ನು ಗಂಡುಮಕ್ಕಳು. ತಂಗಿಗೆ ಹೊಡೆದು ಬಂದ ಮಗನಿಗೆ "ಗಂಡಸ ಅದಾನ, ಬಿಡು" ಅಂದರೆ ಮೊದಲ ಪಾಠ ಅಲ್ಲೇ ಮುಗಿಯಿತು. ಶೇ 81.9 ಅನ್ನುವ ಲೆಕ್ಕ ಹುಟ್ಟುವುದು ಪಡಸಾಲೆಯಲ್ಲಿ. ಊಟದ ತಾಟು ತಾನೇ ತೊಳೆಯುವ, ಅಪ್ಪ ತಪ್ಪೊಪ್ಪಿಕೊಂಡದ್ದನ್ನು ಕಂಡ, 'ಇಲ್ಲ' ಅಂದ ಹುಡುಗಿಯ ಹಿಂದೆ ಹೋಗಬಾರದು ಅಂತ ಗಂಡಸರ ಬಾಯಿಂದಲೇ ಕೇಳಿದ ಹುಡುಗರು ನಮಗೆ ಬೇಕು. ಪಂಚಾಯಿತಿಯಲ್ಲಿ ಅರ್ಧದಷ್ಟು ಸದಸ್ಯರು ಹೆಂಗಸರಿದ್ದಾರೆ. ಮಹಿಳಾ ಗ್ರಾಮಸಭೆಯಲ್ಲಿ ಬೀದಿದೀಪ, ಶೌಚಾಲಯದ ಜೊತೆಗೆ ಸಿಡಿಪಿಒ ಮತ್ತು ಠಾಣೆಯವರು ಬಂದು ಲೆಕ್ಕ ಕೊಡಲಿ ಅಂತ ಕೇಳಲು ಯಾರಪ್ಪಣೆಯೂ ಬೇಕಿಲ್ಲ.

ಮೊಬೈಲಿನಲ್ಲಿ ಇರಲಿ

- 112: ತುರ್ತು, ಪೊಲೀಸ್
- 181: ಮಹಿಳಾ ಸಹಾಯವಾಣಿ
- 1098: ಮಕ್ಕಳ ಸಹಾಯವಾಣಿ, ಬಾಲ್ಯವಿವಾಹ
- 15100: ಉಚಿತ ಕಾನೂನು ನೆರವು
- 1930: ಸೈಬರ್ ಅಪರಾಧ
- ಜಿಲ್ಲಾ ಕೇಂದ್ರದ 'ಸಖಿ' ಒನ್ ಸ್ಟಾಪ್ ಸೆಂಟರ್: ತಾತ್ಕಾಲಿಕ ಆಶ್ರಯ, ಚಿಕಿತ್ಸೆ, ಆಪ್ತ ಸಮಾಲೋಚನೆ, ವಕೀಲರು, ಪೊಲೀಸ್ ನೆರವು ಒಂದೇ ಕಡೆ

ಪ್ಲಾಸ್ಟರ್ ಕೈಯ ಆ ಹೆಣ್ಣುಮಗಳಿಗೆ ಎರಡನೇ ಸಲ ನಾವು ಕೋರ್ಟಿನ ಆದೇಶವನ್ನೇ ತಂದೆವು. ಗಂಡನ ಮನೆಯ ಒಂದು ಖೋಲಿ ಆಕೆಗೆ ಸಿಕ್ಕಿತು, ತಿಂಗಳ ಖರ್ಚು ಸಿಕ್ಕಿತು. ಹೊಡೆತ ನಿಂತದ್ದು ಆದೇಶದಿಂದಲೋ, ಅದಾದ ಮೇಲೆ ಬಾಜೂ ಮನೆಯ ಆಯಿ ದಿನಾ ಸಂಜೆ ಬಂದು ಆಕೆಯ ಕಟ್ಟೆಯ ಮೇಲೆ ಕೂರತೊಡಗಿದ್ದರಿಂದಲೋ ಅಂತ ಕೇಳಿದೆ. ಆಕೆ ನಕ್ಕು ಅಂದಳು: "ಹಾಳಿ ಪೆಟ್ಟಿಗ್ಯಾಗ ಐತ್ರಿ ಅಕ್ಕಾರ. ಆಯಿ ಕಟ್ಟಿ ಮ್ಯಾಲ ಅದಾಳ. ಎರಡೂ ಬೇಕ್ರಿ."